ಟೇಬಲ್ ಎಷ್ಟು ಜನರಿಗೆ? ಹೋಟೆಲುಗಳ ಮುಂಗಡ ಕಾಯ್ದಿರಿಸುವಿಕೆಯ ಆಸನ ಲೆಕ್ಕ

ಮಹದೇವಪುರ: ಹೋಟೆಲಿನಲ್ಲಿರುವ ಕುರ್ಚಿಗಳನ್ನು ಎಣಿಸಿದರೆ ಅದರ ಆಸನ ಸಾಮರ್ಥ್ಯ ತಿಳಿಯಿತು ಎಂಬುದು ಸಾಮಾನ್ಯ ನಂಬಿಕೆ. ಬಂದವರು ಬಂದಂತೆ ಕುಳಿತು ಉಂಡು ಹೋಗುವ ಹೋಟೆಲಿಗೆ ಈ ಲೆಕ್ಕ ಸಾಕು. ಆದರೆ ಮುಂಗಡವಾಗಿ ಟೇಬಲ್ ಕಾಯ್ದಿರಿಸುವ ಪದ್ಧತಿ ಆರಂಭವಾದ ದಿನದಿಂದಲೇ ಈ ಲೆಕ್ಕ ದಾರಿ ತಪ್ಪುತ್ತದೆ. 40 ಕುರ್ಚಿಗಳಿರುವ ಹೋಟೆಲು 26 ಜನರಿಗೇ ‘ಭರ್ತಿ’ಯಾಗಿ, ಬಾಗಿಲಲ್ಲಿ ನಿಂತ ಎಂಟು ಜನರ ತಂಡವನ್ನು ವಾಪಸ್ ಕಳುಹಿಸಬೇಕಾದ ಪರಿಸ್ಥಿತಿ ಬರಬಹುದು. ಇದಕ್ಕೆ ವಿರುದ್ಧವಾಗಿ, ನಾಲ್ವರ ಟೇಬಲನ್ನು ಆರು ಜನರಿಗೆ ಒಪ್ಪಿಕೊಂಡು, ಹಬ್ಬದ ಊಟಕ್ಕೆಂದು ಬಂದ ಕುಟುಂಬದ ಹಿರಿಯರನ್ನು ದಾರಿಯಲ್ಲಿ ಹಾಕಿದ ಹೆಚ್ಚುವರಿ ಕುರ್ಚಿಯಲ್ಲಿ ಕೂರಿಸುವ ಮುಜುಗರವೂ ಎದುರಾಗಬಹುದು.

ಎರಡಕ್ಕೂ ಮೂಲ ಒಂದೇ. ಪ್ರತಿ ಟೇಬಲಿಗೆ ಎಷ್ಟು ಜನ ಎಂಬ ಸಂಖ್ಯೆಯನ್ನು ಯೋಚಿಸಿ ನಿಗದಿಪಡಿಸದೇ ಇರುವುದು. ಕಾಯ್ದಿರಿಸುವ ಪುಸ್ತಕದಲ್ಲಿ ಅಥವಾ ಆ್ಯಪ್‌ನಲ್ಲಿ ನಮೂದಿಸುವ ಈ ಸಂಖ್ಯೆಯು ಬರಲಿರುವ ಗ್ರಾಹಕನಿಗೆ ಹೋಟೆಲು ನೀಡುವ ವಚನ. ಆ ವಚನವನ್ನು ಉಳಿಸಿಕೊಳ್ಳುವಂತಹ ಸಂಖ್ಯೆಯನ್ನು ಕಂಡುಕೊಳ್ಳುವುದು ಹೇಗೆ ಎಂಬುದರ ವಿವರ ಇಲ್ಲಿದೆ.

ಪಂಕ್ತಿಯಿಂದ ಟೇಬಲಿಗೆ

ಕೂರಿಸಿ ಬಡಿಸುವ ಲೆಕ್ಕ ಕನ್ನಡಿಗರಿಗೆ ಹೊಸದೇನಲ್ಲ. ಮದುವೆ ಮನೆಯಲ್ಲಿ ಪಂಕ್ತಿಯ ಲೆಕ್ಕವಿದೆ. ಊಟದ ಹಾಲಿನಲ್ಲಿ ಒಮ್ಮೆಗೆ 200 ಎಲೆ ಹಾಕಬಹುದಾದರೆ, 600 ಅತಿಥಿಗಳಿಗೆ ಮೂರು ಪಂಕ್ತಿಗಳು ಬೇಕು. ಅಡುಗೆ ಗುತ್ತಿಗೆದಾರರು ಹಣವನ್ನೂ ಎಲೆಯ ಲೆಕ್ಕದಲ್ಲೇ ಪಡೆಯುತ್ತಾರೆ. ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಬೇಕಾದರೂ ಕೂರಬಹುದಾದ್ದರಿಂದ ಒಂದು ಎಲೆಯೂ ವ್ಯರ್ಥವಾಗುವುದಿಲ್ಲ.

ಬೆಂಗಳೂರಿನ ಹಳೆಯ ಹೋಟೆಲುಗಳೂ ಇದೇ ತತ್ತ್ವದ ಮೇಲೆ ನಡೆದವು. 1943ರಲ್ಲಿ ಗಾಂಧಿ ಬಜಾರಿನಲ್ಲಿ ಆರಂಭವಾದ ವಿದ್ಯಾರ್ಥಿ ಭವನದಲ್ಲಿ ಅಪರಿಚಿತರು ಒಂದೇ ಟೇಬಲಿನಲ್ಲಿ ಎದುರುಬದುರು ಕುಳಿತು ದೋಸೆ ತಿನ್ನುವುದು ಇಂದಿಗೂ ಸಹಜ. 1924ರಲ್ಲಿ ಮೊದಲಾಗಿ, 1960ರಿಂದ ಲಾಲ್‌ಬಾಗ್ ರಸ್ತೆಯಲ್ಲಿ ನೆಲೆಗೊಂಡ ಎಂಟಿಆರ್‌ನಲ್ಲಿ ಹೆಸರು ಬರೆಸಿ ಸರದಿಗಾಗಿ ಕಾಯುವುದು ನಗರದ ನೆನಪಿನ ಭಾಗವೇ ಆಗಿದೆ. 1983ರಲ್ಲಿ ಜಯನಗರದ ಕೆಫೆ ದರ್ಶಿನಿಯ ಮೂಲಕ ಹರಡಿದ ದರ್ಶಿನಿ ಪದ್ಧತಿಯಂತೂ ಕುರ್ಚಿಯನ್ನೇ ಕೈಬಿಟ್ಟಿತು. ನಿಂತು ತಿನ್ನುವಲ್ಲಿ ಆಸನದ ಪ್ರಶ್ನೆಯೇ ಏಳುವುದಿಲ್ಲ.

ಈ ಪದ್ಧತಿಗಳಲ್ಲಿ ಲೆಕ್ಕದ ಘಟಕ ಒಬ್ಬ ವ್ಯಕ್ತಿ, ಅಂದರೆ ಒಂದು ಕುರ್ಚಿ ಅಥವಾ ಒಂದು ಎಲೆ. ಮುಂಗಡ ಕಾಯ್ದಿರಿಸುವಿಕೆಯಲ್ಲಿ ಹಾಗಲ್ಲ. ಇಬ್ಬರು ದಂಪತಿ ನಾಲ್ವರ ಟೇಬಲನ್ನು ಕಾಯ್ದಿರಿಸಿದರೆ ಉಳಿದ ಎರಡು ಕುರ್ಚಿಗಳಿಗೆ ಬೇರೆಯವರನ್ನು ಕೂರಿಸುವಂತಿಲ್ಲ. ಅಲ್ಲಿ ಲೆಕ್ಕದ ಘಟಕ ಟೇಬಲ್. ಈ ಒಂದು ವ್ಯತ್ಯಾಸವನ್ನು ಅರಿತರೆ ಮುಂದಿನ ಎಲ್ಲ ನಿಯಮಗಳೂ ತಾವಾಗಿ ಹೊರಡುತ್ತವೆ.

ಮಹದೇವಪುರಕ್ಕೆ ಏಕೆ ಮುಖ್ಯ?

1990ರ ದಶಕದಲ್ಲಿ ವೈಟ್‌ಫೀಲ್ಡ್ ಬಳಿ ಐಟಿಪಿಎಲ್ ತಲೆಯೆತ್ತಿದ ನಂತರ ಈ ಭಾಗದ ಚಹರೆಯೇ ಬದಲಾಯಿತು. ಪ್ರತ್ಯೇಕ ನಗರಸಭೆಯಾಗಿದ್ದ ಮಹದೇವಪುರವು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯು ಐದು ನಗರ ಪಾಲಿಕೆಗಳಾಗಿ ವಿಂಗಡಣೆಗೊಂಡಾಗ ಬೆಂಗಳೂರು ಪೂರ್ವ ನಗರ ಪಾಲಿಕೆಯ ವ್ಯಾಪ್ತಿಗೆ ಸೇರಿತು. 2011ರಲ್ಲಿ ಫೀನಿಕ್ಸ್ ಮಾರ್ಕೆಟ್‌ಸಿಟಿ ಮಾಲ್ ತೆರೆಯಿತು. 2023ರಲ್ಲಿ ನೇರಳೆ ಮಾರ್ಗದ ಮೆಟ್ರೊ ವೈಟ್‌ಫೀಲ್ಡ್‌ವರೆಗೆ ತಲುಪಿ, ಹೂಡಿ, ಕುಂದಲಹಳ್ಳಿ, ಪಟ್ಟಂದೂರು ಅಗ್ರಹಾರಗಳಿಗೆ ನಗರದ ಇತರ ಭಾಗದವರೂ ಊಟಕ್ಕೆ ಬಂದು ಹೋಗುವುದು ಸುಲಭವಾಯಿತು.

ಇಲ್ಲಿನ ಹೋಟೆಲುಗಳಿಗೆ ಬರುವ ಗ್ರಾಹಕರಲ್ಲಿ ಸ್ಪಷ್ಟವಾದ ಮೂರು ವರ್ಗಗಳಿವೆ. ಕೆಲಸದ ದಿನಗಳ ಮಧ್ಯಾಹ್ನ ಎಂಟು, ಹತ್ತು, ಹನ್ನೆರಡು ಜನರ ಕಚೇರಿ ತಂಡಗಳು ಬರುತ್ತವೆ. ವಾರಾಂತ್ಯದಲ್ಲಿ ಅಪಾರ್ಟ್‌ಮೆಂಟುಗಳಿಂದ ಅಜ್ಜ-ಅಜ್ಜಿ, ಮಕ್ಕಳು ಸೇರಿದ ಕುಟುಂಬಗಳು ಬರುತ್ತವೆ. ಪ್ರತಿದಿನ ಸಂಜೆ ಸುತ್ತಮುತ್ತಲಿನ ಪಿ.ಜಿ.ಗಳಲ್ಲಿ ವಾಸಿಸುವ ಯುವಕ-ಯುವತಿಯರು ಒಬ್ಬೊಬ್ಬರಾಗಿ ಇಲ್ಲವೇ ಇಬ್ಬಿಬ್ಬರಾಗಿ ಬರುತ್ತಾರೆ. ಒಂದೇ ಹೋಟೆಲಿನ ಅದೇ ಟೇಬಲುಗಳು ಮಂಗಳವಾರ ಮಧ್ಯಾಹ್ನ ಒಂದು ರೀತಿ, ಭಾನುವಾರ ರಾತ್ರಿ ಮತ್ತೊಂದು ರೀತಿ ಕೆಲಸ ಮಾಡಬೇಕು. 2020ರ ನಂತರ ಮನೆ ಮತ್ತು ಕಚೇರಿಗಳ ಮಿಶ್ರ ಕೆಲಸದ ಪದ್ಧತಿ ಬಂದ ಮೇಲೆ, ಯಾವ ಕಂಪನಿಯ ತಂಡ ಯಾವ ದಿನ ಕಚೇರಿಗೆ ಬರುತ್ತದೆ ಎಂಬುದೂ ಊಟದ ವ್ಯಾಪಾರದ ಲೆಕ್ಕಕ್ಕೆ ಸೇರಿಕೊಂಡಿದೆ.

ಬಾಡಿಗೆ ಖಾಲಿ ಕುರ್ಚಿಗೂ ಬೀಳುತ್ತದೆ. ಹೀಗಾಗಿ ಸಣ್ಣ ಹೋಟೆಲಿನ ಪಾಲಿಗೆ ಇದು ಉಳಿವಿನ ಪ್ರಶ್ನೆ.

ಒಂದು ಟೇಬಲಿಗೆ ಮೂರು ಸಂಖ್ಯೆ

ಪ್ರತಿ ಟೇಬಲಿಗೂ ಒಂದಲ್ಲ, ಮೂರು ಸಂಖ್ಯೆಗಳನ್ನು ಬರೆದಿಡುವುದು ಉತ್ತಮ ಕ್ರಮ.

ಮೊದಲನೆಯದು ಹಿತಕರ ಸಂಖ್ಯೆ. ತಟ್ಟೆ, ಲೋಟ, ಬಡಿಸುವ ಪಾತ್ರೆಗಳನ್ನು ಇಟ್ಟ ಮೇಲೂ ಮೊಣಕೈ ತಾಗದಂತೆ ಎಷ್ಟು ಜನ ಕೂರಬಹುದು ಎಂಬುದು ಇದರ ಅಳತೆಗೋಲು. ಸಾಮಾನ್ಯ ದಿನಗಳಲ್ಲಿ ಈ ಸಂಖ್ಯೆಯ ಮೇಲೆಯೇ ಕಾಯ್ದಿರಿಸಬೇಕು.

ಎರಡನೆಯದು ಗರಿಷ್ಠ ಸಂಖ್ಯೆ. ಒಂದು ಕುರ್ಚಿ ಹೆಚ್ಚಿಗೆ ಹಾಕಿದರೂ ಓಡಾಟದ ದಾರಿಗೆ ಅಡ್ಡವಾಗದ, ಟೇಬಲಿನ ಕಾಲು ಕೂತವರ ಕಾಲಿಗೆ ಸಿಗದ ಸ್ಥಿತಿಯಿದ್ದರೆ ಮಾತ್ರ ಗರಿಷ್ಠವು ಹಿತಕರ ಸಂಖ್ಯೆಗಿಂತ ಹೆಚ್ಚಿರಬಹುದು. ಹಾಗಿಲ್ಲದಿದ್ದರೆ ಎರಡೂ ಒಂದೇ. ಗ್ರಾಹಕನೇ ಒಪ್ಪಿ ಕೇಳಿದಾಗ ಮಾತ್ರ ಗರಿಷ್ಠವನ್ನು ಬಳಸಬೇಕು.

ಮೂರನೆಯದು, ಹೆಚ್ಚಿನವರು ಮರೆಯುವ ಕನಿಷ್ಠ ಸಂಖ್ಯೆ. ಆರು ಜನರ ಟೇಬಲನ್ನು ಇಬ್ಬರಿಗೆ ಕೊಟ್ಟರೆ ನಾಲ್ಕು ಕುರ್ಚಿಗಳು ಆ ಹೊತ್ತಿನ ಮಟ್ಟಿಗೆ ಇಲ್ಲದಂತೆಯೇ. ಆದ್ದರಿಂದ ಜನದಟ್ಟಣೆಯ ಹೊತ್ತಿನಲ್ಲಿ ನಾಲ್ವರ ಟೇಬಲಿಗೆ ಕನಿಷ್ಠ ಮೂವರು, ಆರು ಜನರ ಟೇಬಲಿಗೆ ಕನಿಷ್ಠ ನಾಲ್ವರು ಎಂದು ಗೊತ್ತುಪಡಿಸಬಹುದು. ಬಿಡುವಿನ ಹೊತ್ತಿನಲ್ಲಿ ಈ ನಿರ್ಬಂಧ ಬೇಕಿಲ್ಲ. ಊಟದ ಸಮಯಕ್ಕೆ ಎರಡು ತಾಸು ಮೊದಲೂ ದೊಡ್ಡ ತಂಡ ಬಾರದಿದ್ದರೆ ಕನಿಷ್ಠವನ್ನು ಸಡಿಲಿಸುವುದು ಜಾಣತನ. ಕನಿಷ್ಠದ ಹೆಸರಿನಲ್ಲಿ ಟೇಬಲನ್ನು ಖಾಲಿ ಇಟ್ಟು, ಬಂದವರನ್ನು ತಿರುಗಿಸಿ ಕಳುಹಿಸಿದರೆ ನಿಯಮದ ಉದ್ದೇಶವೇ ಸೋಲುತ್ತದೆ.

ಅಳತೆಪಟ್ಟಿ ಹಿಡಿಯಿರಿ

ಸಂಖ್ಯೆಯನ್ನು ಕಣ್ಣಳತೆಯಲ್ಲಿ ನಿರ್ಧರಿಸದೆ ಅಳತೆಪಟ್ಟಿಯಿಂದ ನಿರ್ಧರಿಸಬೇಕು. ಉಣ್ಣುವ ಒಬ್ಬ ವ್ಯಕ್ತಿಗೆ ಟೇಬಲಿನ ಅಂಚಿನಲ್ಲಿ ಎರಡು ಅಡಿ, ಅಂದರೆ ಸುಮಾರು 60 ಸೆಂಟಿಮೀಟರ್ ಬೇಕು ಎಂಬುದು ಪೀಠೋಪಕರಣ ವಿನ್ಯಾಸದಲ್ಲಿ ರೂಢಿಯಲ್ಲಿರುವ ಮಾನದಂಡ. ಇದರಂತೆ ನಾಲ್ಕು ಅಡಿ ಉದ್ದದ ಟೇಬಲಿನ ಒಂದೊಂದು ಬದಿಗೆ ಇಬ್ಬರು, ಆರು ಅಡಿಯದಕ್ಕೆ ಮೂವರು.

ದುಂಡು ಟೇಬಲಿಗೆ ಸುತ್ತಳತೆಯನ್ನು ಲೆಕ್ಕ ಹಾಕಬೇಕು. ನಾಲ್ಕು ಅಡಿ ವ್ಯಾಸದ ಟೇಬಲಿನ ಸುತ್ತಳತೆ ಸುಮಾರು ಹನ್ನೆರಡೂವರೆ ಅಡಿ. ಆರು ಜನರಿಗೆ ಹಿತಕರ. ಐದು ಅಡಿ ವ್ಯಾಸದ್ದು ಹದಿನೈದೂಮುಕ್ಕಾಲು ಅಡಿಯಷ್ಟು ಬರುವುದರಿಂದ ಎಂಟು ಜನರಿಗೆ ಸರಿಹೊಂದುತ್ತದೆ. ಆರು ಅಡಿ ವ್ಯಾಸದ್ದರಲ್ಲಿ ಒಂಬತ್ತು ಜನ ಆರಾಮವಾಗಿಯೂ ಹತ್ತು ಜನ ಸ್ವಲ್ಪ ಒತ್ತಿಕೊಂಡೂ ಕೂರಬಹುದು.

ಬಡಿಸುವ ಊಟ ಯಾವುದು ಎಂಬುದನ್ನೂ ಗಮನಿಸಬೇಕು. ಬಾಳೆ ಎಲೆಯನ್ನು ಅಡ್ಡಲಾಗಿ ಹಾಸಿ ಬಡಿಸುವ ಊಟಕ್ಕೆ ಎರಡು ಅಡಿಯೂ ಬಿಗಿಯಾದೀತು. ಪಕ್ಕದವರ ಎಲೆಯ ತುದಿ ಒಂದರ ಮೇಲೊಂದು ಬರದಂತೆ ಇನ್ನೂ ನಾಲ್ಕೈದು ಅಂಗುಲ ಬಿಡಬೇಕು. ಉತ್ತರ ಭಾರತೀಯ ಅಥವಾ ಚೀನೀ ಊಟದಲ್ಲಿ ಪಾತ್ರೆಗಳನ್ನು ಎಲ್ಲರೂ ಹಂಚಿಕೊಳ್ಳುವುದರಿಂದ ಅಂಚಿಗಿಂತ ನಡುವಿನ ಜಾಗ ಹೆಚ್ಚು ಬೇಕು. ಬರೀ ಕಾಫಿ-ತಿಂಡಿಯ ಟೇಬಲಿಗೆ ಎರಡೂ ಅಷ್ಟು ಬೇಡ. ಒಂದೇ ಅಳತೆಯ ಟೇಬಲ್ ಒಂದು ಹೋಟೆಲಿನಲ್ಲಿ ನಾಲ್ವರಿಗೂ ಮತ್ತೊಂದರಲ್ಲಿ ಮೂವರಿಗೂ ಆಗುವುದು ಈ ಕಾರಣದಿಂದ.

ಗೋಡೆಗೆ ಒತ್ತಿದ ಟೇಬಲ್ ಒಂದು ಬದಿಯನ್ನು ಕಳೆದುಕೊಳ್ಳುತ್ತದೆ. ಕಂಬದ ಎದುರಿನ ಕುರ್ಚಿ, ಶೌಚಾಲಯದ ಬಾಗಿಲ ಪಕ್ಕದ ಕುರ್ಚಿ, ಅಡುಗೆಮನೆಯಿಂದ ಸಪ್ಲೈಯರುಗಳು ಹೊರಬರುವ ದಾರಿಯ ಕುರ್ಚಿ ಎಣಿಕೆಗೆ ಸಿಕ್ಕರೂ ಗ್ರಾಹಕರು ಕೂರಲು ಒಪ್ಪುವುದಿಲ್ಲ. ಇವನ್ನು ಲೆಕ್ಕದಿಂದ ಬಿಡುವುದೇ ಲೇಸು. ಗಾಲಿಕುರ್ಚಿಯಲ್ಲಿ ಬರುವವರಿಗೆ 90 ಸೆಂಟಿಮೀಟರ್ ಅಗಲ, 120 ಸೆಂಟಿಮೀಟರ್ ಉದ್ದದ ತೆರವು ಜಾಗ ಬೇಕಾಗುತ್ತದೆ. ಮೆಟ್ಟಿಲಿಲ್ಲದೆ ತಲುಪಬಹುದಾದ ಒಂದು ಟೇಬಲನ್ನಾದರೂ ಹೀಗೆ ಗುರುತಿಸಿ ಪುಸ್ತಕದಲ್ಲಿ ಬರೆದಿಟ್ಟಿರಬೇಕು.

ನಾಲ್ಕು ಮತ್ತು ನಾಲ್ಕು ಕೂಡಿದರೆ ಆರು

ದೊಡ್ಡ ತಂಡ ಬಂದಾಗ ಎರಡು ಟೇಬಲುಗಳನ್ನು ಜೋಡಿಸುವುದು ಎಲ್ಲೆಡೆ ಕಾಣುವ ದೃಶ್ಯ. ಇಲ್ಲಿಯೇ ಬಹಳಷ್ಟು ಲೆಕ್ಕಗಳು ಎಡವುವುದು.

ನಾಲ್ಕು ಬದಿಗೂ ಒಬ್ಬೊಬ್ಬರು ಕೂರುವ ಚಚ್ಚೌಕದ ಟೇಬಲನ್ನು ತೆಗೆದುಕೊಳ್ಳಿ. ಅಂತಹ ಎರಡನ್ನು ಜೋಡಿಸಿದರೆ ನಡುವಿನ ಎರಡು ಬದಿಗಳು ಒಂದಕ್ಕೊಂದು ಅಂಟಿಕೊಂಡು ಅಲ್ಲಿನ ಎರಡು ಆಸನಗಳು ಮಾಯವಾಗುತ್ತವೆ. ಉಳಿಯುವುದು ಎಂಟಲ್ಲ, ಆರು. ಮೂರನ್ನು ಜೋಡಿಸಿದರೆ ಹನ್ನೆರಡಲ್ಲ, ಎಂಟು. ಆದರೆ ಎದುರುಬದುರು ಬದಿಗಳಲ್ಲಿ ಮಾತ್ರ ಇಬ್ಬಿಬ್ಬರು ಕೂರುವ ನಾಲ್ಕು ಅಡಿ ಉದ್ದದ ಟೇಬಲುಗಳನ್ನು ಉದ್ದಕ್ಕೆ ಜೋಡಿಸಿದರೆ ಎಂಟು ಆಸನಗಳೂ ಉಳಿಯುತ್ತವೆ. ತುದಿಗಳಲ್ಲಿ ಜಾಗವಿದ್ದರೆ ಇನ್ನಿಬ್ಬರಿಗೂ ಅವಕಾಶವಾಗುತ್ತದೆ. ಕಚೇರಿ ತಂಡಗಳನ್ನು ನೆಚ್ಚಿರುವ ಹೋಟೆಲು ಟೇಬಲ್ ಕೊಳ್ಳುವ ಮೊದಲೇ ಇದನ್ನು ಯೋಚಿಸಬೇಕು.

ಜೋಡಣೆಗೆ ಇನ್ನೆರಡು ಷರತ್ತುಗಳಿವೆ. ಟೇಬಲುಗಳ ಎತ್ತರ ಮತ್ತು ಅಗಲ ಒಂದೇ ಇರಬೇಕು. ಮತ್ತು ಜೋಡಿಸಬೇಕಾದ ಎರಡೂ ಒಂದೇ ಹೊತ್ತಿಗೆ ಖಾಲಿಯಾಗಬೇಕು. ಎರಡನೆಯದು ಕಠಿಣ. ಒಂದು ಟೇಬಲ್ ಖಾಲಿಯಾಗಿ, ಪಕ್ಕದವರು ಇನ್ನೂ ಐಸ್‌ಕ್ರೀಮ್ ತಿನ್ನುತ್ತಿದ್ದರೆ, ಖಾಲಿಯಾದದ್ದನ್ನು ಬೇರೆಯವರಿಗೆ ಕೊಡದೆ ಹಿಡಿದಿಡಬೇಕಾಗುತ್ತದೆ. ಹಾಗೆ ಹಿಡಿದಿಟ್ಟ ಪ್ರತಿ ನಿಮಿಷವೂ ನಷ್ಟವೇ. ಆದ್ದರಿಂದ ಯಾವ ಟೇಬಲನ್ನು ಯಾವುದರೊಂದಿಗೆ ಜೋಡಿಸಬಹುದು ಎಂಬುದನ್ನು ಮೊದಲೇ ನಿಗದಿಪಡಿಸಿ, ಎರಡು ಅಥವಾ ಮೂರು ಜೋಡಿಗಳಿಗೆ ಸೀಮಿತಗೊಳಿಸುವುದು ಒಳ್ಳೆಯದು. ಆ ಜೋಡಿಯನ್ನು ದೊಡ್ಡ ತಂಡ ಕಾಯ್ದಿರಿಸಿದಾಗ ಎರಡನ್ನೂ ಒಂದೇ ಹೆಸರಿನಲ್ಲಿ ಮುಚ್ಚಬೇಕು.

40 ಕುರ್ಚಿಗಳ ಒಂದು ಉದಾಹರಣೆ

ಲೆಕ್ಕವನ್ನು ಒಂದು ಉದಾಹರಣೆಯ ಮೂಲಕ ನೋಡೋಣ. ಒಂದು ಹೋಟೆಲಿನಲ್ಲಿ ನಾಲ್ವರ ಹತ್ತು ಟೇಬಲುಗಳಿವೆ ಎಂದುಕೊಳ್ಳಿ. ಒಟ್ಟು 40 ಕುರ್ಚಿ. ಮಧ್ಯಾಹ್ನ ಒಂದು ಗಂಟೆಗೆ ಹತ್ತು ಬುಕ್ಕಿಂಗ್ ಇವೆ. ಒಬ್ಬರೇ ಬರುವವರು ಒಂದು, ಇಬ್ಬರ ತಂಡ ನಾಲ್ಕು, ಮೂವರ ತಂಡ ಮೂರು, ನಾಲ್ವರ ತಂಡ ಎರಡು. ಒಟ್ಟು 26 ಜನ. ಹತ್ತು ಟೇಬಲುಗಳೂ ಭರ್ತಿ, 14 ಕುರ್ಚಿ ಖಾಲಿ. ಆಗ ಎಂಟು ಜನರ ಕಚೇರಿ ತಂಡ ಕರೆ ಮಾಡಿದರೆ ‘ಜಾಗವಿಲ್ಲ’ ಎನ್ನದೆ ವಿಧಿಯಿಲ್ಲ.

ಅದೇ 40 ಕುರ್ಚಿಗಳನ್ನು ಬೇರೆ ರೀತಿ ಹಂಚೋಣ. ಇಬ್ಬರ ಆರು ಟೇಬಲ್, ನಾಲ್ವರ ನಾಲ್ಕು, ಆರು ಜನರ ಎರಡು. ಈಗ ಒಬ್ಬರೇ ಬರುವವರೂ ನಾಲ್ಕು ಜೋಡಿಗಳೂ ಇಬ್ಬರ ಐದು ಟೇಬಲುಗಳಲ್ಲಿ ಕೂರುತ್ತಾರೆ. ಮೂವರ ಮೂರು ತಂಡಗಳು ಮತ್ತು ನಾಲ್ವರ ಒಂದು ತಂಡ ನಾಲ್ವರ ಟೇಬಲುಗಳನ್ನು ತುಂಬುತ್ತವೆ. ನಾಲ್ವರ ಮತ್ತೊಂದು ತಂಡಕ್ಕೆ ಆರು ಜನರ ಒಂದು ಟೇಬಲ್ ಸಿಗುತ್ತದೆ. ಉಳಿದದ್ದು ಆರು ಜನರ ಒಂದು ಮತ್ತು ಇಬ್ಬರ ಒಂದು. ಇವೆರಡನ್ನು ಅಕ್ಕಪಕ್ಕದಲ್ಲಿ, ಉದ್ದಕ್ಕೆ ಜೋಡಿಸುವಂತೆ ಇಟ್ಟಿದ್ದರೆ ಎಂಟು ಜನರ ತಂಡಕ್ಕೂ ಸ್ಥಳವಾಯಿತು. ಕೂತವರು 34 ಜನ, ಖಾಲಿ ಕುರ್ಚಿ ಆರು ಮಾತ್ರ. ಒಂದು ಹೊಸ ಕುರ್ಚಿಯನ್ನೂ ಕೊಳ್ಳದೆ ಎಂಟು ಊಟ ಹೆಚ್ಚಾಯಿತು.

ಪ್ರತಿ ಹೋಟೆಲಿಗೂ ಇದೇ ಹಂಚಿಕೆ ಹೊಂದುತ್ತದೆ ಎಂದಲ್ಲ. ತಮ್ಮಲ್ಲಿಗೆ ಬರುವ ತಂಡಗಳ ಗಾತ್ರವನ್ನು ಒಂದು ತಿಂಗಳು ಬರೆದಿಟ್ಟರೆ ಯಾವ ಹಂಚಿಕೆ ಬೇಕು ಎಂಬುದು ಆ ಪಟ್ಟಿಯಿಂದಲೇ ತಿಳಿಯುತ್ತದೆ.

ಕುರ್ಚಿಯ ಜೊತೆಗೆ ಗಡಿಯಾರ

ಆಸನ ಸಾಮರ್ಥ್ಯಕ್ಕೆ ಸ್ಥಳದಷ್ಟೇ ಸಮಯವೂ ಮುಖ್ಯ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಶೆರಿಲ್ ಕೈಮ್ಸ್ ಮತ್ತು ಸಂಗಡಿಗರು 1998ರಲ್ಲಿ ಹೋಟೆಲಿನ ಗಳಿಕೆಯನ್ನು ‘ಲಭ್ಯವಿರುವ ಪ್ರತಿ ಆಸನದ ಪ್ರತಿ ಗಂಟೆಗೆ’ ಅಳೆಯುವ ವಿಧಾನವನ್ನು ಪ್ರತಿಪಾದಿಸಿದರು. 40 ಆಸನಗಳ ಹೋಟೆಲು ಮಧ್ಯಾಹ್ನ ಮೂರು ಗಂಟೆ ತೆರೆದಿದ್ದರೆ ಅದರ ಬಳಿ ಇರುವುದು 120 ಆಸನ-ಗಂಟೆಗಳು. ಆ ಅವಧಿಯಲ್ಲಿ 36 ಸಾವಿರ ರೂಪಾಯಿ ವ್ಯಾಪಾರವಾದರೆ ಗಂಟೆಗೆ ಪ್ರತಿ ಆಸನದ ಗಳಿಕೆ 300 ರೂಪಾಯಿ. ಬಿಲ್ಲಿನ ಮೊತ್ತ ದೊಡ್ಡದಿದ್ದರೂ ಮೂರು ಗಂಟೆ ಕೂರುವ ತಂಡಕ್ಕಿಂತ, ಸಣ್ಣ ಬಿಲ್ಲಿನೊಂದಿಗೆ 45 ನಿಮಿಷದಲ್ಲಿ ಏಳುವವರು ಹೆಚ್ಚು ಲಾಭ ತರಬಹುದು ಎಂಬುದು ಈ ಲೆಕ್ಕದಿಂದ ಕಾಣುತ್ತದೆ.

ಹೀಗಾಗಿ ಪ್ರತಿ ಬುಕ್ಕಿಂಗಿಗೂ ಅವಧಿ ನಿಗದಿಯಾಗಬೇಕು. ದೊಡ್ಡ ತಂಡಗಳು ಎಲ್ಲರೂ ಬಂದು ಸೇರಲು, ಆರ್ಡರ್ ಕೊಡಲು, ಬಿಲ್ ಹಂಚಿಕೊಳ್ಳಲು ಹೆಚ್ಚು ಸಮಯ ತೆಗೆದುಕೊಳ್ಳುತ್ತವೆ. ಇಬ್ಬರಿಗೆ ಒಂದು ಗಂಟೆ ಸಾಕಾದಲ್ಲಿ ಎಂಟು ಜನರಿಗೆ ಒಂದೂವರೆ ಗಂಟೆ ಇಡಬೇಕಾಗಬಹುದು. ಟೇಬಲ್ ಒರೆಸಿ ಅಣಿಗೊಳಿಸಲು ಐದರಿಂದ ಹತ್ತು ನಿಮಿಷ ಬೇರೆ. ಈ ಅವಧಿಯನ್ನು ಕಾಯ್ದಿರಿಸುವಾಗಲೇ ತಿಳಿಸಬೇಕು. ಊಟದ ನಡುವೆ ‘ಮುಂದಿನವರು ಬಂದಿದ್ದಾರೆ’ ಎಂದು ಎಬ್ಬಿಸುವುದು ಅತಿಥಿಸತ್ಕಾರವೆನಿಸದು.

ಅಡುಗೆಮನೆಯ ಮಿತಿಯನ್ನೂ ಮರೆಯಬಾರದು. 40 ಆಸನಗಳಿವೆಯೆಂದು 40 ಜನರಿಗೂ ಒಂದು ಗಂಟೆಗೇ ಬರಲು ಹೇಳಿದರೆ ದೋಸೆ ಕಾವಲಿ, ತಂದೂರು ಒಲೆ ಎರಡೂ ಕೈಕೊಡುತ್ತವೆ. ಸರಾಸರಿ ಊಟ ಒಂದು ಗಂಟೆಯದಾದರೆ, ಪ್ರತಿ ಕಾಲು ಗಂಟೆಗೆ ಹತ್ತು ಜನರಂತೆ ಬಿಡಿಸಿ ಕಾಯ್ದಿರಿಸಿದಾಗ ಆಸನಗಳೂ ತುಂಬಿರುತ್ತವೆ, ಅಡುಗೆಯವರಿಗೂ ಉಸಿರಾಡಲು ಬಿಡುವಿರುತ್ತದೆ.

ಟಿನ್ ಫ್ಯಾಕ್ಟರಿ, ಮಾರತ್‌ಹಳ್ಳಿ ಅಥವಾ ವರ್ತೂರು ಕೋಡಿಯ ವಾಹನ ದಟ್ಟಣೆಯನ್ನು ದಾಟಿ ಬರುವ ಗ್ರಾಹಕರು ಹೇಳಿದ ಹೊತ್ತಿಗೆ ತಲುಪುವುದು ಕಷ್ಟ. ಎಷ್ಟು ಹೊತ್ತು ಟೇಬಲ್ ಹಿಡಿದಿಡಲಾಗುವುದು ಎಂಬುದು ಸ್ಪಷ್ಟವಿರಬೇಕು. 15 ನಿಮಿಷವೋ 20 ನಿಮಿಷವೋ, ಹೋಟೆಲು ತನಗೆ ಸಾಧ್ಯವಾದದ್ದನ್ನು ನಿರ್ಧರಿಸಿ, ಮೊದಲೇ ತಿಳಿಸಿ, ಎಲ್ಲರಿಗೂ ಒಂದೇ ರೀತಿ ಪಾಲಿಸುವುದು ನ್ಯಾಯ.

ಒಂಟಿ ಗ್ರಾಹಕನಿಗೂ ಜಾಗವಿರಲಿ

ಎಲ್ಲ ಟೇಬಲುಗಳನ್ನೂ ಮುಂಗಡಕ್ಕೆ ತೆರೆದಿಡುವುದು ಸರಿಯಲ್ಲ. ಕರೆ ಮಾಡದೆ ಬರುವ ನೆರೆಹೊರೆಯವರು ಸಣ್ಣ ಹೋಟೆಲಿನ ದಿನನಿತ್ಯದ ಆಧಾರ. ಕೆಲವು ಟೇಬಲುಗಳನ್ನು, ವಿಶೇಷವಾಗಿ ಇಬ್ಬರ ಟೇಬಲುಗಳನ್ನು, ಮುಂಗಡದ ಪಟ್ಟಿಯಿಂದ ಹೊರಗಿಡಬೇಕು. ಬಾರದೆ ಉಳಿಯುವ ಬುಕ್ಕಿಂಗುಗಳಿಂದ ಆಗುವ ನಷ್ಟವನ್ನೂ ಇವೇ ತುಂಬಿಕೊಡುತ್ತವೆ.

ಪಿ.ಜಿ.ಗಳಿಂದ ಒಬ್ಬರೇ ಬರುವವರ ಪ್ರಶ್ನೆ ಈ ಭಾಗದಲ್ಲಿ ದೊಡ್ಡದು. ಕನಿಷ್ಠ ಸಂಖ್ಯೆಯ ನಿಯಮ ಕಟ್ಟುನಿಟ್ಟಾದಷ್ಟೂ ಅವರಿಗೆ ಬಾಗಿಲು ಮುಚ್ಚುತ್ತದೆ. ಗೋಡೆಯ ಉದ್ದಕ್ಕೆ ಒಂದು ಸಾಲು ಕುರ್ಚಿ ಅಥವಾ ಎಂಟು ಜನರ ಒಂದು ಹಂಚಿಕೆಯ ಟೇಬಲ್ ಇಟ್ಟರೆ ಅಲ್ಲಿ ಲೆಕ್ಕದ ಘಟಕ ಮತ್ತೆ ಕುರ್ಚಿಯೇ ಆಗುತ್ತದೆ. ಪುಸ್ತಕದಲ್ಲಿ ಆ ಟೇಬಲನ್ನು ‘ಎಂಟು ಆಸನ, ಕನಿಷ್ಠ ಒಬ್ಬರು’ ಎಂದು ಬರೆದರಾಯಿತು. ಹಳೆಯ ಉಡುಪಿ ಹೋಟೆಲುಗಳು ಅನುಸರಿಸಿದ ಕ್ರಮವೇ ಹೊಸ ಬಡಾವಣೆಯ ಸಮಸ್ಯೆಗೆ ಪರಿಹಾರವಾಗಬಲ್ಲದು ಎಂಬುದು ಗಮನಾರ್ಹ.

ಮೀರಬಾರದ ಮಿತಿ

ಮೇಲಿನ ಸಂಖ್ಯೆಗಳನ್ನು ಮಾಲೀಕರು ತಮ್ಮ ಅನುಕೂಲಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ಸುರಕ್ಷತೆಯ ಸಂಖ್ಯೆ ಮಾತ್ರ ಹಾಗಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ತುರ್ತು ನಿರ್ಗಮನದ ಲೆಕ್ಕಕ್ಕಾಗಿ ಪ್ರತಿ ವ್ಯಕ್ತಿಗೆ ಇಂತಿಷ್ಟು ಜಾಗ ಎಂಬ ಪ್ರಮಾಣವನ್ನು ಸೂಚಿಸಿದೆ. ಸಪ್ಲೈಯರುಗಳು, ಬಾಗಿಲಲ್ಲಿ ಕಾಯುವವರು ಕೂಡ ಈ ಲೆಕ್ಕದಲ್ಲಿಯೇ ಸೇರುತ್ತಾರೆ ಎಂಬುದನ್ನು ನೆನಪಿಡಬೇಕು.

2017ರ ಡಿಸೆಂಬರ್ 29ರ ನಸುಕಿನಲ್ಲಿ ಮುಂಬೈನ ಕಮಲಾ ಮಿಲ್ಸ್ ಆವರಣದ ಮೇಲ್ಛಾವಣಿ ರೆಸ್ಟೋರೆಂಟುಗಳಲ್ಲಿ ಸಂಭವಿಸಿದ ಬೆಂಕಿಗೆ 14 ಜನ ಬಲಿಯಾದರು. 2025ರ ಡಿಸೆಂಬರ್ 6ರ ರಾತ್ರಿ ಗೋವಾದ ಅರ್ಪೋರಾದ ನೈಟ್‌ಕ್ಲಬ್ ದುರಂತದಲ್ಲಿ 25 ಜನ ಪ್ರಾಣ ಕಳೆದುಕೊಂಡರು. ಬೆಂಕಿ ಹೊತ್ತಿಕೊಳ್ಳಲು ಕಾರಣಗಳು ಹಲವಿರಬಹುದು. ಆದರೆ ಹೊತ್ತಿಕೊಂಡ ಮೇಲೆ ಜೀವ ಉಳಿಸುವುದು ತೆರವಾಗಿರುವ ದಾರಿ. ಓಡಾಟದ ದಾರಿಯಲ್ಲಿ ಹಾಕಿದ ಒಂದು ಹೆಚ್ಚುವರಿ ಕುರ್ಚಿ, ಹಿಂಬಾಗಿಲಿಗೆ ಅಡ್ಡವಾಗಿ ಇಟ್ಟ ಒಂದು ಟೇಬಲ್ ಆ ಗಳಿಗೆಯಲ್ಲಿ ಎಷ್ಟು ದುಬಾರಿ ಎಂಬುದನ್ನು ವಿವರಿಸಬೇಕಿಲ್ಲ. ಮಾಲುಗಳ ಮೇಲಂತಸ್ತು ಹಾಗೂ ಕಟ್ಟಡಗಳ ತಾರಸಿಯಲ್ಲಿ ಹೋಟೆಲು ನಡೆಸುವವರು ಇದನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು.

ಆಸನ ಸಂಖ್ಯೆಯು ಸಾರ್ವಜನಿಕ ಆರೋಗ್ಯದ ವಿಷಯವೂ ಆಗಬಹುದು ಎಂಬುದನ್ನು ಕೊರೊನಾ ಕಾಲ ತೋರಿಸಿತು. 2020ರ ಜೂನ್ 8ರಂದು ಹೋಟೆಲುಗಳು ಮತ್ತೆ ಕೂರಿಸಿ ಬಡಿಸಲು ಆರಂಭಿಸಿದಾಗಲೂ, 2022ರ ಜನವರಿಯ ಮೂರನೇ ಅಲೆಯಲ್ಲೂ ಅರ್ಧದಷ್ಟು ಆಸನಗಳ ಮಿತಿಯನ್ನು ಪಾಲಿಸಬೇಕಾಯಿತು. ಟೇಬಲುಗಳ ನಕ್ಷೆಯನ್ನು ಮೊದಲೇ ಬರೆದಿಟ್ಟಿದ್ದವರಿಗೆ ಯಾವುದನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು ಎಂದು ನಿರ್ಧರಿಸುವುದು ಸುಲಭವಾಗಿತ್ತು.

ಪುಸ್ತಕವಾದರೂ ಸರಿ, ಆ್ಯಪ್ ಆದರೂ ಸರಿ

ಅಂತರ್ಜಾಲದ ಮೂಲಕ ಟೇಬಲ್ ಕಾಯ್ದಿರಿಸುವ ವ್ಯವಸ್ಥೆ 1998ರಲ್ಲಿ ಅಮೆರಿಕದಲ್ಲಿ ಓಪನ್‌ಟೇಬಲ್ ಸಂಸ್ಥೆಯಿಂದ ಜನಪ್ರಿಯವಾಯಿತು. ಭಾರತದಲ್ಲಿ 2012ರಲ್ಲಿ ಆರಂಭವಾದ ಡೈನ್‌ಔಟ್ ಸಂಸ್ಥೆಯನ್ನು 2022ರಲ್ಲಿ ಸ್ವಿಗ್ಗಿ ಕೊಂಡುಕೊಂಡಿತು. ಸ್ವಿಗ್ಗಿಯ ಕಚೇರಿ ಇರುವುದು ಇದೇ ಮಹದೇವಪುರ ವಿಧಾನಸಭಾ ಕ್ಷೇತ್ರದ ದೇವರಬೀಸನಹಳ್ಳಿಯಲ್ಲಿ. ಜೊಮ್ಯಾಟೊ ಸಂಸ್ಥೆಯು 2024ರಲ್ಲಿ ಡಿಸ್ಟ್ರಿಕ್ಟ್ ಎಂಬ ಪ್ರತ್ಯೇಕ ಆ್ಯಪ್ ಹೊರತಂದಿತು.

ಸಾಧನ ಯಾವುದೇ ಇರಲಿ, ಅದು ಹೋಟೆಲು ಕೊಟ್ಟ ಸಂಖ್ಯೆಯನ್ನು ನಂಬಿಯೇ ಕೆಲಸ ಮಾಡುತ್ತದೆ. ತಪ್ಪು ಸಂಖ್ಯೆ ಕೊಟ್ಟರೆ ತಪ್ಪನ್ನೇ ವೇಗವಾಗಿ ಮಾಡುತ್ತದೆ. ಸಾಮಾನ್ಯ ನೋಟ್‌ಬುಕ್ ಬಳಸುವವರೂ ಪ್ರತಿ ಟೇಬಲಿಗೆ ಕೆಳಗಿನ ರೀತಿಯ ಒಂದು ಸಾಲು ಬರೆದಿಡಬಹುದು:

ಟೇಬಲ್ 1 – ಕಿಟಕಿಯ ಬಳಿ, ಹಿತಕರ 2, ಗರಿಷ್ಠ 2, ಕನಿಷ್ಠ 1, ಮುಂಗಡಕ್ಕಿಲ್ಲ.

ಟೇಬಲ್ 5 – ನಡುವಿನ ಸಾಲು, ಹಿತಕರ 4, ಗರಿಷ್ಠ 4, ದಟ್ಟಣೆಯಲ್ಲಿ ಕನಿಷ್ಠ 3, ಗಾಲಿಕುರ್ಚಿ ತಲುಪುತ್ತದೆ.

ಟೇಬಲ್ 9 – ಒಳಗೋಡೆಯ ಬಳಿ. ಹಿತಕರ 6, ಗರಿಷ್ಠ 7, ದಟ್ಟಣೆಯಲ್ಲಿ ಕನಿಷ್ಠ 4. ಟೇಬಲ್ 10ರೊಂದಿಗೆ ಸೇರಿ 8.

ಒಂದಕ್ಕಿಂತ ಹೆಚ್ಚು ಆ್ಯಪ್‌ಗಳಲ್ಲಿ ಇರುವ ಹೋಟೆಲುಗಳು ಒಂದೇ ಟೇಬಲನ್ನು ಎರಡು ಕಡೆ ಮಾರಾಟಕ್ಕಿಡದಂತೆ ನೋಡಿಕೊಳ್ಳಬೇಕು. ಯಾವ ಟೇಬಲ್ ಯಾವ ಆ್ಯಪ್‌ಗೆ ಎಂದು ಹಂಚುವುದು ಅಥವಾ ಎಲ್ಲವನ್ನೂ ಒಂದೇ ಪುಸ್ತಕಕ್ಕೆ ಇಳಿಸಿಕೊಳ್ಳುವುದು ಇದಕ್ಕೆ ಮಾರ್ಗ.

ಗ್ರಾಹಕರ ಪಾಲು

ಕಾಯ್ದಿರಿಸುವಿಕೆ ಎರಡು ಕಡೆಯ ಒಪ್ಪಂದ. ಸಂಖ್ಯೆ ಹೇಳುವಾಗ ಮಕ್ಕಳನ್ನೂ ಸೇರಿಸಿಯೇ ಹೇಳಬೇಕು. ತೊಡೆಯ ಮೇಲೆ ಕೂರುವ ಕೂಸಿಗೂ ತಳ್ಳುಗಾಡಿ ಇಡಲು ಜಾಗ ಬೇಕಾಗುತ್ತದೆ. ಮಂಡಿನೋವಿರುವ ಹಿರಿಯರಿದ್ದರೆ ಎತ್ತರದ ಸ್ಟೂಲಿನ ಟೇಬಲ್ ಬೇಡವೆಂದು ಮೊದಲೇ ತಿಳಿಸುವುದು ಒಳಿತು. ಹತ್ತು ಜನರೆಂದು ಹೇಳಿ ಆರು ಜನ ಬರುವುದು, ನಾಲ್ವರೆಂದು ಹೇಳಿ ಏಳು ಜನ ಬರುವುದು, ಎರಡು ಹೋಟೆಲುಗಳಲ್ಲಿ ಕಾಯ್ದಿರಿಸಿ ಒಂದಕ್ಕೆ ತಿಳಿಸದೇ ಇರುವುದು ಬೇರೆ ಯಾವುದೋ ಕುಟುಂಬದ ಊಟದ ಅವಕಾಶವನ್ನು ತಪ್ಪಿಸುತ್ತದೆ. ಬರಲಾಗದಿದ್ದರೆ ಒಂದು ಕರೆ ಸಾಕು.

ವರ್ಷಕ್ಕೊಮ್ಮೆ ಅಲ್ಲ, ಮೂರು ತಿಂಗಳಿಗೊಮ್ಮೆ

ಒಮ್ಮೆ ನಿಗದಿಪಡಿಸಿದ ಸಂಖ್ಯೆ ಶಾಶ್ವತವಲ್ಲ. ಮೂರು ವಿಷಯಗಳನ್ನು ದಿನವೂ ಬರೆದಿಡಬೇಕು. ಜಾಗವಿಲ್ಲವೆಂದು ಹಿಂದಿರುಗಿಸಿದ ತಂಡಗಳಲ್ಲಿ ಎಷ್ಟೆಷ್ಟು ಜನರಿದ್ದರು, ಜನ ಕೂತ ಟೇಬಲುಗಳಲ್ಲೇ ಎಷ್ಟು ಕುರ್ಚಿ ಖಾಲಿ ಉಳಿದವು, ಪ್ರತಿ ತಂಡ ಎಷ್ಟು ಹೊತ್ತು ಕೂತಿತ್ತು. ಹಿಂದಿರುಗಿದವರು ಹೆಚ್ಚಾಗಿ ಇಬ್ಬರೇ ಆಗಿದ್ದರೆ ಸಣ್ಣ ಟೇಬಲ್ ಬೇಕು. ಎಂಟು-ಹತ್ತು ಜನರಾಗಿದ್ದರೆ ಜೋಡಣೆಯ ವ್ಯವಸ್ಥೆ ಬೇಕು. ಮೆನು ಬದಲಾದಾಗ, ಪೀಠೋಪಕರಣ ಬದಲಾದಾಗ, ಹತ್ತಿರದಲ್ಲಿ ಹೊಸ ಕಚೇರಿ ಸಂಕೀರ್ಣ ತೆರೆದಾಗ ಲೆಕ್ಕವನ್ನು ಮತ್ತೆ ಮಾಡಬೇಕು.

ಇಷ್ಟೆಲ್ಲ ಮಾಡಲು ಬೇಕಾಗುವುದು ಒಂದು ಅಳತೆಪಟ್ಟಿ, ಒಂದು ನೋಟ್‌ಬುಕ್ ಮತ್ತು ಒಂದು ತಿಂಗಳ ತಾಳ್ಮೆ. ಇದರಿಂದ ಸಿಗುವ ಪ್ರಯೋಜನ ಮಾಲೀಕರ ಗಲ್ಲಾಪೆಟ್ಟಿಗೆಗೆ ಮಾತ್ರ ಸೀಮಿತವಲ್ಲ. ಕರೆ ಮಾಡಿ ‘ಆರು ಜನ ಬರುತ್ತೇವೆ’ ಎಂದವರಿಗೆ ಆರು ಜನರೂ ಒಟ್ಟಿಗೆ ಕೂತು ಉಣ್ಣುವ ಜಾಗ ಸಿಗುತ್ತದೆ. ಹೋಟೆಲು ಮಾಡಬೇಕಾದ ಮೊದಲ ಕೆಲಸ ಅದೇ.